ಬಣ್ಣ ಆಮೇಲೆ ನೋಡಿ, ಮೊದಲು ಬರಹ ಓದಿ

ಓದುಗರ ಪ್ರಶ್ನೆ – ಉತ್ತರ: ಕಡಲ ಹವಾಮಾನ

(ಉತ್ತರಿಸುವವರು ವ್ಯಾಪಾರಿ ಹಡಗುಗಳಲ್ಲಿ ರೇಡಿಯೊ ಆಫೀಸರ್ ಆಗಿದ್ದವರು. ಈಗ ಮಲ್ಲೇಶ್ವರದ ನಿವಾಸಿ.)

ಪ್ರಶ್ನೆ: ನನ್ನ ಮಗ ತೈಲ ಹಡಗಿನಲ್ಲಿ ಥರ್ಡ್ ಆಫೀಸರ್. ಯುಎಇಯ ಫುಜೈರಾ ಬಂದರಿನಿಂದ ಕೊಚ್ಚಿಗೆ ಬರುತ್ತಿದ್ದಾನೆ. ಫೋನಿನ ಮ್ಯಾಪಿನಲ್ಲಿ ಅರಬ್ಬಿ ಸಮುದ್ರ ಪೂರ್ತಿ ಕೆಂಪು, ನೇರಳೆ. ಅಲೆ ನಾಲ್ಕು ಮೀಟರ್ ಅಂತ ಬರುತ್ತದೆ. ರಾತ್ರಿ ನಿದ್ದೆ ಇಲ್ಲ. ಇದನ್ನೆಲ್ಲ ಹೇಗೆ ಓದಬೇಕು?
– ಒಬ್ಬ ತಾಯಿ, ವಿಜಯನಗರ

ಉತ್ತರ: ತಾಯಿ, ಬಣ್ಣ ನೋಡಿ ಹೆದರಬೇಡಿ. ಯಾವ ಅಂಕಿಗೆ ಯಾವ ಬಣ್ಣ ಅನ್ನುವುದು ಆ ಆ್ಯಪ್ ಮಾಡಿದವರ ತೀರ್ಮಾನ. ಒಂದರಲ್ಲಿ ಕೆಂಪಾಗಿ ಕಾಣುವ ಗಾಳಿ ಇನ್ನೊಂದರಲ್ಲಿ ಹಳದಿಯಾಗಿರಬಹುದು. ಮೊದಲು ಬರಹದಲ್ಲಿರುವ ಕಡಲ ಹವಾಮಾನ ವರದಿ ಓದಿ. ಮ್ಯಾಪ್ ಆಮೇಲೆ.

ನಿಮ್ಮ ಮಗನ ಹಡಗಿಗೂ ಆ ವರದಿ ಬರುತ್ತದೆ. ಜಗತ್ತಿನ ಸಮುದ್ರಗಳನ್ನು ಪಾಲು ಮಾಡಿ, ವರದಿ ಕೊಡುವ ಹೊಣೆಯನ್ನು ಒಂದೊಂದು ದೇಶಕ್ಕೆ ಒಪ್ಪಿಸಿದ್ದಾರೆ. ಫುಜೈರಾ ಸುತ್ತಮುತ್ತಲಿನ ಪಾಲು ಪಾಕಿಸ್ತಾನದ್ದು. ಅಲ್ಲಿಂದ ಈಚೆಗೆ ಬಂದರೆ ನಮ್ಮ ಭಾರತೀಯ ಹವಾಮಾನ ಇಲಾಖೆಯದ್ದು. ಬಂಗಾಳ ಕೊಲ್ಲಿಯೂ ನಮ್ಮದೇ. ಉಪಗ್ರಹದ ಮೂಲಕ ಬಂದ ವರದಿ ಹಡಗು ನಡೆಸುವ ಕೋಣೆಯಾದ ಬ್ರಿಡ್ಜ್‌ನಲ್ಲೇ ಪ್ರಿಂಟ್ ಆಗುತ್ತದೆ. ನಮ್ಮ ಕಾಲದಲ್ಲಿ ಅದು ಮೋರ್ಸ್‌ನಲ್ಲಿ ಬರುತ್ತಿತ್ತು. ಹೆಡ್‌ಫೋನ್ ಹಾಕಿಕೊಂಡು, ಸಿಡಿಲಿನ ಗರಗರ ಸದ್ದಿನ ನಡುವೆ, ಪೆನ್ಸಿಲ್‌ನಲ್ಲಿ ಬರೆದುಕೊಳ್ಳುತ್ತಿದ್ದೆ. ಗಾಳಿಯ ಅಂಕಿ ಸರಿಯಾಗಿ ಕೇಳಿಸದಿದ್ದರೆ ಊಹೆ ಮಾಡಿ ತುಂಬುತ್ತಿರಲಿಲ್ಲ. ಜಾಗ ಖಾಲಿ ಬಿಟ್ಟು ಮುಂದಿನ ಪ್ರಸಾರಕ್ಕೆ ಕಾಯುತ್ತಿದ್ದೆ. 1999ರ ಫೆಬ್ರವರಿ 1ರಂದು ಹೊಸ ವ್ಯವಸ್ಥೆ ಪೂರ್ತಿಯಾಗಿ ಜಾರಿಗೆ ಬಂತು, ನಮ್ಮ ಹುದ್ದೆ ಹೋಯಿತು. ವರದಿಯ ಚೌಕಟ್ಟು ಮಾತ್ರ ಈಗಲೂ ಹೆಚ್ಚುಕಡಿಮೆ ಅದೇ.

ಅದರಲ್ಲಿ ಮೂರು ಭಾಗ. ಮೊದಲನೆಯದು ಬಿರುಗಾಳಿಯ ಎಚ್ಚರಿಕೆ. ಎರಡನೆಯದು ಒಟ್ಟು ಪರಿಸ್ಥಿತಿ, ವಾಯುಭಾರ ಎಲ್ಲಿ ಕಡಿಮೆಯಿದೆ, ಯಾವ ಕಡೆ ಸಾಗುತ್ತಿದೆ ಅನ್ನುವುದು. ಮೂರನೆಯದು ಪ್ರದೇಶವಾರು ಮುನ್ಸೂಚನೆ: ಗಾಳಿ, ಮಳೆ, ಎಷ್ಟು ದೂರ ಕಣ್ಣಿಗೆ ಕಾಣುತ್ತದೆ, ಅಲೆ. ನೀವು ಮೊದಲ ಭಾಗ ಓದಿ. ಅಲ್ಲಿ "ಎಚ್ಚರಿಕೆ ಇಲ್ಲ" ಅಂತಿದ್ದರೆ ಚಂಡಮಾರುತದ ಚಿಂತೆ ಬಿಡಿ. ಗಾಳಿ 34 ನಾಟ್ ಮುಟ್ಟಿದರೆ ಮಾತ್ರ ನಮ್ಮ ಇಲಾಖೆ ಅದನ್ನು ಚಂಡಮಾರುತ ಎಂದು ಕರೆದು ಹೆಸರಿಡುತ್ತದೆ. ನಾಟ್‌ನಿಂದ ಕಿಲೋಮೀಟರಿಗೆ ಬರಲು ಎರಡರಿಂದ ಗುಣಿಸಿ ಹತ್ತನೇ ಒಂದು ಪಾಲು ಕಳೆಯಿರಿ. 30 ನಾಟ್ ಅಂದರೆ ಗಂಟೆಗೆ ಹತ್ತಿರ ಹತ್ತಿರ 54 ಕಿ.ಮೀ.

ಆಮೇಲೆ ಸಮಯ ನೋಡಿ. ಇದರಲ್ಲೇ ಹೆಚ್ಚಿನವರು ಎಡವುವುದು. ವರದಿಯ ಗಂಟೆ ನಮ್ಮ ಗಡಿಯಾರದ್ದಲ್ಲ, ಐದೂವರೆ ಗಂಟೆ ಸೇರಿಸಬೇಕು. 0600 ಅಂತಿದ್ದರೆ ಅದು ನಮ್ಮ ಬೆಳಿಗ್ಗೆ ಹನ್ನೊಂದೂವರೆ. ಎಷ್ಟು ಹೊತ್ತಿನ ತನಕ ಅನ್ವಯ ಅಂತಲೂ ಬರೆದಿರುತ್ತದೆ. ನಿನ್ನೆಯ ವರದಿ ಹಿಡಿದುಕೊಂಡು ಇವತ್ತು ಕಂಗಾಲಾಗಬೇಡಿ.

ಇನ್ನು ಆ ನಾಲ್ಕು ಮೀಟರ್. ಅದು ಅತಿ ದೊಡ್ಡ ಅಲೆಯ ಎತ್ತರ ಅಲ್ಲ, ಎಲ್ಲ ಅಲೆಗಳ ಸರಾಸರಿಯೂ ಅಲ್ಲ. ತರಗತಿಯ ಮಕ್ಕಳನ್ನು ಎತ್ತರದ ಪ್ರಕಾರ ನಿಲ್ಲಿಸಿ, ಎತ್ತರದವರ ಮೂರನೇ ಒಂದು ಭಾಗದ ಸರಾಸರಿ ತೆಗೆದಂತೆ ಈ ಲೆಕ್ಕ. ಹಾಗಾಗಿ ನಾಲ್ಕು ಮೀಟರ್ ಅಂದ ಕಡೆ ಆಗೊಮ್ಮೆ ಈಗೊಮ್ಮೆ ಎಂಟು ಮೀಟರಿನದೂ ಬರುತ್ತದೆ. ನಿಮ್ಮಿಂದ ಇದನ್ನು ಮುಚ್ಚಿಡುವುದಿಲ್ಲ. ಆದರೆ ಜುಲೈ ತಿಂಗಳಲ್ಲಿ ಅರಬ್ಬಿ ಸಮುದ್ರದ ಸೊಕೋತ್ರಾ ದ್ವೀಪದ ಕಡೆ 30 ನಾಟ್ ಗಾಳಿ ಪ್ರತಿ ವರ್ಷದ ಮಾತು, ಮುಂಗಾರಿನ ಗಾಳಿ ಅದು. ಹಡಗಿನವರಿಗೆ ಇದು ಮೊದಲೇ ಗೊತ್ತು. ಫುಜೈರಾದಿಂದ ಕೊಚ್ಚಿಗೆ ಬರುವಾಗ ಅಲೆ ಬಲಮಗ್ಗುಲಿಗೆ ಹೊಡೆಯುತ್ತದೆ. ಹಡಗು ಚೆನ್ನಾಗಿ ಹೊಯ್ದಾಡುತ್ತದೆ, ಊಟದ ತಟ್ಟೆ ಹಿಡಿದುಕೊಂಡೇ ಕೂರಬೇಕು. ಕ್ಯಾಪ್ಟನ್ ವೇಗ ಇಳಿಸಬಹುದು, ದಾರಿ ಸ್ವಲ್ಪ ತಿರುಗಿಸಬಹುದು. ಮಗ ಒಂದು ದಿನ ತಡವಾಗಿ ಬಂದರೆ ಅದಕ್ಕೇ ಅಂತ ತಿಳಿಯಿರಿ.

ಪ್ರಶ್ನೆ: ಏಪ್ರಿಲ್‌ನಲ್ಲಿ ಗೆಳೆಯರ ಜೊತೆ ಮಲ್ಪೆಗೆ ಹೋಗಿದ್ದೆ. ಮೋಡ ಇರಲಿಲ್ಲ. ಫೋನ್ ನೋಡಿದರೆ ಗಾಳಿ ಬರೀ 8 ನಾಟ್. ಆದರೂ ದೋಣಿ ಬಿಡಲಿಲ್ಲ, ನೀರಿಗೆ ಇಳಿಯಬೇಡಿ ಅಂದರು. ಸುಮ್ನೆ ಹೆದರಿಸಿದ್ದಲ್ವಾ ಸರ್?
– ಒಬ್ಬ ಓದುಗ, ಎಚ್‌ಎಸ್‌ಆರ್ ಬಡಾವಣೆ

ಉತ್ತರ: ಅಲ್ಲ ಮಾರಾಯ. ನಿಮ್ಮನ್ನು ತಡೆದವರು ಸರಿಯಾಗಿಯೇ ಮಾಡಿದರು.

ಅಲೆ ಎರಡು ಬಗೆ. ಅಲ್ಲೇ ಬೀಸುವ ಗಾಳಿ ಎಬ್ಬಿಸುವುದು ಒಂದು. ಬಹಳ ದೂರದ ಬಿರುಗಾಳಿ ಎಬ್ಬಿಸಿ, ಆ ಗಾಳಿ ಸತ್ತ ಮೇಲೂ ಸಾಗಿ ಬರುವುದು ಇನ್ನೊಂದು. ಹಿಂದೂ ಮಹಾಸಾಗರದ ದಕ್ಷಿಣ ತುದಿಯಲ್ಲಿ ಎದ್ದ ಅಲೆ ಹಲವು ದಿನ ನಡೆದು ನಮ್ಮ ಕರಾವಳಿ ಮುಟ್ಟುತ್ತದೆ. ಮುಂಗಾರಿಗೆ ಮುಂಚಿನ ತಿಂಗಳುಗಳಲ್ಲಿ ಇದು ಜಾಸ್ತಿ. ಕೇರಳದವರು ಕಳ್ಳಕ್ಕಡಲ್ ಅನ್ನುವುದು ಇದಕ್ಕೇ. ಆಕಾಶ ತಿಳಿಯಾಗಿರುತ್ತದೆ, ಎಲೆ ಅಲ್ಲಾಡುವುದಿಲ್ಲ, ನೀರು ಮಾತ್ರ ಉಕ್ಕಿ ಬರುತ್ತದೆ.

ನೀವು ಗಾಳಿಯ ಅಂಕಿ ಒಂದನ್ನೇ ನೋಡಿದಿರಿ. ಎತ್ತರದ ಪಕ್ಕದಲ್ಲಿ ಸೆಕೆಂಡುಗಳ ಲೆಕ್ಕವೊಂದು ಇರುತ್ತದೆ. ಒಂದು ಅಲೆ ಹೋಗಿ ಇನ್ನೊಂದು ಬರಲು ಹಿಡಿಯುವ ಹೊತ್ತು ಅದು. ಅದನ್ನು ದಯವಿಟ್ಟು ಬಿಡಬೇಡಿ. ಆಳದ ನೀರಿನಲ್ಲಿ 6 ಸೆಕೆಂಡಿನ ಅಲೆಯ ಉದ್ದ ಸುಮಾರು 56 ಮೀಟರ್. 16 ಸೆಕೆಂಡಿನದು ಸುಮಾರು 400 ಮೀಟರ್. ನಡುಗಡಲಿನಲ್ಲಿ ಅದು ದೋಣಿಯ ಕೆಳಗೆ ಹಾದುಹೋದದ್ದೇ ಗೊತ್ತಾಗುವುದಿಲ್ಲ. ದಡದ ಹತ್ತಿರ, ಆಳ ಕಡಿಮೆಯಾದಂತೆ, ಅದೇ ಅಲೆ ಎದ್ದು ನಿಂತು ಒಡೆಯುತ್ತದೆ. ನದಿ ಕಡಲು ಸೇರುವ ಅಳಿವೆ ಬಾಗಿಲಲ್ಲಂತೂ ಕೇಳುವುದೇ ಬೇಡ. ಮೀನುಗಾರಿಕೆಯಲ್ಲೇ ಬೆಳೆದವರೂ ಅಲ್ಲಿ ಪ್ರಾಣ ಕಳೆದುಕೊಂಡಿದ್ದಾರೆ.

ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಇಂಥ ಅಲೆಗಳ ಎಚ್ಚರಿಕೆ ಕೊಡುತ್ತದೆ. ಸಮುದ್ರ ಅನ್ನುವ ಅವರ ಆ್ಯಪ್ ಇದೆ, ಹಾಕಿಕೊಳ್ಳಿ. ಮುಂದಿನ ಸಲ ಹೊರಡುವ ಮೊದಲು ಹವಾಮಾನ ಇಲಾಖೆಯ ಮೀನುಗಾರರ ಎಚ್ಚರಿಕೆಯನ್ನೂ ಓದಿ. "45ರಿಂದ 55 ಕಿ.ಮೀ., ಆಗಾಗ 65" ಅಂತಿದ್ದರೆ ಆ ಕೊನೆಯ ಅಂಕಿಯನ್ನೇ ಲೆಕ್ಕಕ್ಕೆ ಹಿಡಿಯಿರಿ. ಸಣ್ಣ ದೋಣಿ ಮಗುಚುವುದು ಸರಾಸರಿ ಗಾಳಿಗಲ್ಲ, ಆ ಬೀಸಿಗೆ. ಫೋನಿನ ಮ್ಯಾಪ್ ಒಂದು ಹೇಳಿ ಎಚ್ಚರಿಕೆ ಇನ್ನೊಂದು ಹೇಳಿದರೆ ದೋಣಿ ಹತ್ತಬೇಡಿ.

ಪ್ರಶ್ನೆ: ಒಂದೇ ಚಂಡಮಾರುತಕ್ಕೆ ಅಮೆರಿಕದ ಕೇಂದ್ರ ಜಾಸ್ತಿ ವೇಗ ಹೇಳುತ್ತದೆ, ನಮ್ಮ ಇಲಾಖೆ ಕಡಿಮೆ. ಯಾರನ್ನು ನಂಬುವುದು?
– ಒಬ್ಬ ವಿದ್ಯಾರ್ಥಿನಿ, ರಾಜಾಜಿನಗರ

ಉತ್ತರ: ಅಮೆರಿಕದವರು ಒಂದು ನಿಮಿಷದ ಸರಾಸರಿ ತೆಗೆಯುತ್ತಾರೆ, ನಮ್ಮವರು ಮೂರು ನಿಮಿಷದ್ದು. ಕಡಿಮೆ ಹೊತ್ತಿನ ಸರಾಸರಿ ತೆಗೆದರೆ ಅಂಕಿ ದೊಡ್ಡದು ಬರುತ್ತದೆ. ಅಂಕಿ ಬೇರೆಯಾಗಲು ಇದೊಂದು ಮುಖ್ಯ ಕಾರಣ. ನಮ್ಮ ಕಡಲಿಗೆ ಅಧಿಕೃತ ಮಾತು ನಮ್ಮ ಇಲಾಖೆಯದೇ. ಇನ್ನೊಂದು ವಿಷಯ: ಗಾಳಿ "ನೈಋತ್ಯ" ಅಂದರೆ ನೈಋತ್ಯದಿಂದ ಬರುವುದು, ಕಡಲ ನೀರಿನ ಹರಿವು "ನೈಋತ್ಯ" ಅಂದರೆ ನೈಋತ್ಯಕ್ಕೆ ಹೋಗುವುದು. ಮ್ಯಾಪಿನ ಬಾಣ ನೋಡುವಾಗ ನೆನಪಿರಲಿ.

ಪ್ರಶ್ನೆ: ಬಿವಿಕೆ ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿನಲ್ಲಿ ಹಳೇ ಹಡಗಿನ ಬ್ಯಾರೋಮೀಟರ್ ಕೊಂಡೆ. ಮುಳ್ಳು "ಬಿರುಗಾಳಿ"ಗಿಂತಲೂ ಕೆಳಗೆ ಬಿದ್ದಿದೆ. ಕೆಟ್ಟಿದೆಯಾ?
– ಒಬ್ಬ ನಿವೃತ್ತ ಮೇಷ್ಟ್ರು, ಜಯನಗರ

ಉತ್ತರ: ಇಷ್ಟರಿಂದಲೇ ಕೆಟ್ಟಿದೆ ಅನ್ನಲಾಗದು ಮೇಷ್ಟ್ರೇ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡ 910 ಹೆಕ್ಟೊಪಾಸ್ಕಲ್ (ಒತ್ತಡದ ಅಳತೆ) ಆಸುಪಾಸು. ಸಮುದ್ರದ ಮೇಲೆ 1010ರ ಹತ್ತಿರ. ಹಡಗಿಗೆ ಮಾಡಿದ ಮುಖಫಲಕದಲ್ಲಿ ನಮ್ಮ ಊರಿಗೆ ಜಾಗವೇ ಇಲ್ಲ. ಹಿಂದಿನ ಸ್ಕ್ರೂ ಬಲವಂತವಾಗಿ ತಿರುಗಿಸಬೇಡಿ, ಅಷ್ಟು ದೂರ ಹೊಂದಿಸಲು ಕೆಲವಕ್ಕೆ ಆಗುವುದಿಲ್ಲ.

ಮುಳ್ಳು ಇನ್ನೂ ಅಲ್ಲಾಡುತ್ತಿದ್ದರೆ ಒಂದು ಕೆಲಸ ಮಾಡಿ. ಬೆಳಿಗ್ಗೆ ಹತ್ತಕ್ಕೆ, ಸಂಜೆ ನಾಲ್ಕಕ್ಕೆ, ರಾತ್ರಿ ಹತ್ತಕ್ಕೆ ಗುರುತು ಹಾಕಿ. ಹತ್ತಕ್ಕೆ ಏರಿ, ನಾಲ್ಕಕ್ಕೆ ಇಳಿದು, ಮತ್ತೆ ಏರುತ್ತದೆ. ನಮ್ಮ ಉಷ್ಣವಲಯದಲ್ಲಿ ಇದು ನಿತ್ಯದ ಏರಿಳಿತ. ಹಡಗಿನಲ್ಲಿ ಈ ಏರಿಳಿತವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಒತ್ತಡ ಆ ಋತುವಿನ ಸರಾಸರಿಗಿಂತ 3 ಹೆಕ್ಟೊಪಾಸ್ಕಲ್ ಕಡಿಮೆ ಬಂದರೆ ಹತ್ತಿರದಲ್ಲಿ ಚಂಡಮಾರುತ ಇರಬಹುದೆಂಬ ಅನುಮಾನ. 5 ಕಡಿಮೆಯಾದರೆ ಅನುಮಾನ ಇಲ್ಲ. ಆಗ ಗಾಳಿಗೆ ಮುಖ ಕೊಟ್ಟು ನಿಂತರೆ, ಭೂಮಧ್ಯರೇಖೆಯ ಉತ್ತರಕ್ಕೆ, ಬಿರುಗಾಳಿಯ ನಡುಭಾಗ ನಿಮ್ಮ ಬಲಗೈ ಕಡೆ, ತುಸು ಹಿಂದಕ್ಕೆ ಇರುತ್ತದೆ. ವರದಿ ಕೈಸೇರದ ದಿನ ಇಷ್ಟೇ ನಮ್ಮ ಆಸರೆ.

ಕಾರವಾರಕ್ಕೋ ಮಂಗಳೂರಿಗೋ ಹೋಗುವಾಗ ಅದನ್ನು ಜೊತೆಗೆ ಒಯ್ಯಿರಿ. ಘಟ್ಟ ಇಳಿದಂತೆ ಮುಳ್ಳು ಮೇಲೇರುತ್ತಾ ಬರುತ್ತದೆ, ಮೊಮ್ಮಕ್ಕಳಿಗೆ ತೋರಿಸಿ. ಕೆಳಗೆ ತಲುಪಿದ ಮೇಲೂ ಮುಳ್ಳು 1010ರ ಹತ್ತಿರ ಸುಳಿಯದಿದ್ದರೆ, ಆಗ ರಿಪೇರಿಗೆ ಕೊಡಿ.