ಬಿದಿರಿನ ಟೆನ್ಸೆಗ್ರಿಟಿಯನ್ನು ಗುಂಪುಗಳಿಗೆ ಹಂಚಿ ಕಟ್ಟಬಹುದೇ?

ಆರು ಬಿದಿರಿನ ಟೆನ್ಸೆಗ್ರಿಟಿಯ ಕೆಲಸವನ್ನು ಮೂರು ಗುಂಪುಗಳಿಗೆ ಹಂಚಿ, ಕೊನೆಯಲ್ಲಿ ಜೋಡಿಸಬಹುದೇ ಎಂದು ಕೇಳಿದ್ದೀರಿ. ಟೆನ್ಸೆಗ್ರಿಟಿ ಎಂದರೆ ಕೋಲುಗಳು ಒಂದನ್ನೊಂದು ಮುಟ್ಟದೆ, ಹಗ್ಗಗಳ ಎಳೆತದಿಂದಲೇ ನಿಲ್ಲುವ ರಚನೆ. ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಗ ಕಾಲೇಜಿನ ಪ್ರದರ್ಶನಕ್ಕೆಂದು ನಾವು ಮಾಡಿದ್ದೂ ಇದನ್ನೇ. ಗೆಳೆಯನೊಬ್ಬ ಸಾಗರದ ಕಡೆಯಿಂದ ತಂದ ಬಿದಿರನ್ನು 2 ಮೀಟರಿಗೆ ಕೊಯ್ದು, ಗುಂಪಿಗೆ ಎರಡು ಬಿದಿರು, ಎಂಟು ಹಗ್ಗದಂತೆ ಹಂಚಿಕೊಂಡೆವು.

ಈ ರಚನೆಯ 24 ಹಗ್ಗಗಳೂ ಒಂದೇ ಉದ್ದದವು. ಬಿದಿರಿನ ಉದ್ದವನ್ನು 0.612ರಿಂದ ಗುಣಿಸಿದರೆ ಆ ಅಳತೆ ಸಿಗುತ್ತದೆ. ನಮ್ಮದಕ್ಕೆ ಸುಮಾರು 122 ಸೆಂಟಿಮೀಟರ್. ಲೆಕ್ಕ ಸರಿಯಾಗಿಯೇ ಇತ್ತು, ಅಳೆದ ಬಗೆ ಕೆಟ್ಟಿತು. ಒಂದು ಗುಂಪು 122ಕ್ಕೆ ಹಗ್ಗ ಕತ್ತರಿಸಿ ಆಮೇಲೆ ಗಂಟು ಹಾಕಿದ್ದರಿಂದ ಗಂಟಿಗೆ ಹೋದಷ್ಟು ಉದ್ದ ಕಡಿಮೆಯಾಯಿತು. ಇನ್ನೊಂದು ಗುಂಪು ಗಂಟಿನಿಂದ ಗಂಟಿಗೆ 122 ಇಟ್ಟುಕೊಂಡಿತು. ಮೂರನೆಯವರೂ ಗಂಟಿನಿಂದ ಗಂಟಿಗೇ ಅಳೆದರು, ಆದರೆ ಹಿಗ್ಗುವ ನೈಲಾನ್ ಹಗ್ಗವನ್ನು ಜೋರಾಗಿ ಎಳೆದು ಹಿಡಿದು. ಜೋಡಿಸಿದಾಗ ಒಂದು ಪಕ್ಕ ಬಿಗಿದು, ಇನ್ನೊಂದು ಪಕ್ಕ ಜೋತುಬಿತ್ತು. ಸಡಿಲವಾದುದನ್ನು ಎಳೆದಂತೆಲ್ಲ ಮೊದಲೇ ಬಿಗಿದಿದ್ದ ಕಡೆ ಒತ್ತಡ ಏರಿ, ಗಿಣ್ಣಿನಿಂದ ದೂರ ತೂತು ಕೊರೆದಿದ್ದ ಬಿದಿರೊಂದು ತುದಿಯಿಂದ ಉದ್ದಕ್ಕೆ ಸೀಳಿತು. ಪ್ರದರ್ಶನದಲ್ಲಿ ನಮ್ಮ ಮೇಜು ಖಾಲಿ ಉಳಿಯಿತು.

ಆದ್ದರಿಂದ ಯಾವ ಗುಂಪಿಗೆ ಯಾವ ಭಾಗ ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಅಮೆರಿಕದ ಶಿಲ್ಪಿ ಕೆನೆತ್ ಸ್ನೆಲ್ಸನ್ 1968ರಲ್ಲಿ ನಿರ್ಮಿಸಿದ, ಸುಮಾರು 18 ಮೀಟರ್ ಎತ್ತರದ ನೀಡಲ್ ಟವರ್ ಎಂಬ ಟೆನ್ಸೆಗ್ರಿಟಿ ಗೋಪುರದಲ್ಲಿಯೂ ಅಲ್ಯೂಮಿನಿಯಂ ಕೊಳವೆಗಳು ಒಂದನ್ನೊಂದು ಮುಟ್ಟುವುದಿಲ್ಲ. ಅವನ್ನು ನಿಲ್ಲಿಸಿರುವುದು ಉಕ್ಕಿನ ಕೇಬಲ್‌ಗಳ ಎಳೆತ. ಎಲ್ಲ ಹಗ್ಗಗಳೂ ಸೇರುವ ತನಕ ನಿಮ್ಮದರಲ್ಲಿಯೂ ತಾನಾಗಿ ನಿಲ್ಲುವ ಭಾಗವೆಂಬುದು ಇರುವುದಿಲ್ಲ.

ಹಗ್ಗಕ್ಕೆ ಬೇಕಾದ ಉದ್ದದಷ್ಟೇ ಅಂತರದಲ್ಲಿ ಹಲಗೆಗೆ ಎರಡು ಮೊಳೆ ಹೊಡೆದು, 24 ಹಗ್ಗಗಳಿಗೂ ಒಬ್ಬರೇ ಗುರುತು ಹಾಕಲಿ. ನೈಲಾನ್ ಬೇಡ, ಅದು ನಮ್ಮ ಮಳೆಯಲ್ಲಿ ನೆನೆದು ಇನ್ನಷ್ಟು ಸಡಿಲವಾಗುತ್ತದೆ. ಪಾಲಿಯೆಸ್ಟರ್ ಹಗ್ಗ ತನ್ನಿ. ತುದಿಯಲ್ಲಿ ಗಿಣ್ಣು ಉಳಿಯುವಂತೆ ಬಿದಿರು ಕೊಯ್ಯಿರಿ. ಒಬ್ಬೊಬ್ಬರು ಒಂದೊಂದು ಬಿದಿರು ಹಿಡಿದು ನಿಂತಿರುವಾಗ, ಉಳಿದವರು ಹಗ್ಗಗಳನ್ನೆಲ್ಲ ಮೊದಲು ಸಡಿಲವಾಗಿಯೇ ಕಟ್ಟಲಿ. ನಂತರ ಸುತ್ತು ಬಂದು ಪ್ರತಿ ಹಗ್ಗವನ್ನೂ ಸ್ವಲ್ಪ ಸ್ವಲ್ಪವೇ, ಸಮನಾಗಿ ಬಿಗಿ ಮಾಡುತ್ತ, ಬೆರಳಿನಿಂದ ಮೀಟಿ ನೋಡಿ. ಬಿಗಿ ಸಮವಾದರೆ ಎಲ್ಲ ಹಗ್ಗಗಳ ನಾದವೂ ಒಂದೇ ಬರುತ್ತದೆ. ಇದಕ್ಕೂ ಮುಂಚೆ ಮೂರು ಬಿದಿರು, ಒಂಬತ್ತು ಹಗ್ಗಗಳ ಚಿಕ್ಕದೊಂದನ್ನು ಮೂರೂ ಗುಂಪಿನವರು ಒಟ್ಟಿಗೆ ಕುಳಿತು ಕಟ್ಟಿ ನೋಡಿ.