ಎಡಿಸಿ12 ಬ್ರಾಕೆಟ್‌ಗೆ ಟಿ6 ಕೊಟ್ಟಾಗ ಗುಳ್ಳೆ ಏಕೆ?

ಕಾರವಾರದ ಬೈತಖೋಲದ ದೋಣಿಗೆ ಎಡಿಸಿ12 ಎಂಬ ಅಲ್ಯೂಮಿನಿಯಂ ಮಿಶ್ರಲೋಹದಲ್ಲಿ ಮಾಡಿಸಿದ ಎಂಜಿನ್ ಬ್ರಾಕೆಟ್, ಟಿ6 (ಚೆನ್ನಾಗಿ ಕಾಯಿಸಿ, ನೀರಿಗದ್ದಿ, ಮತ್ತೆ ಹದ ಬಿಸಿಯಲ್ಲಿಟ್ಟು ಬಲ ಹೆಚ್ಚಿಸುವ ವಿಧಾನ) ಕೊಡುವಾಗ 520 ಡಿಗ್ರಿಯಲ್ಲಿ ಮೈತುಂಬ ಗುಳ್ಳೆ ಎದ್ದಿತು ಅಂದಿರಿ. ಅದು ಕುಲುಮೆಯ ತಪ್ಪಲ್ಲ. ಎಡಿಸಿ12ನ್ನು ಹೊಯ್ಯುವ ಪ್ರೆಶರ್ ಡೈ ಕಾಸ್ಟಿಂಗ್‌ನಲ್ಲಿ ಕರಗಿದ ಲೋಹ ಒತ್ತಡದಿಂದ ಅಚ್ಚಿಗೆ ನುಗ್ಗುವ ರಭಸಕ್ಕೆ ಗಾಳಿ, ಅಚ್ಚಿಗೆ ಹೊಡೆದ ಲೂಬ್ರಿಕೆಂಟಿನ ಹೊಗೆ ಎಲ್ಲ ಒಳಗೇ ಸಿಕ್ಕಿಬೀಳುತ್ತವೆ. ಅಷ್ಟು ಬಿಸಿಗೆ ಅಲ್ಯೂಮಿನಿಯಂ ಮೆತ್ತಗಾಗಿ, ಹಿಗ್ಗಿದ ಅನಿಲ ಮೇಲ್ಪದರವನ್ನು ಪೂರಿಯಂತೆ ಉಬ್ಬಿಸುತ್ತದೆ.

ಇದಕ್ಕೆ ಅಷ್ಟು ಕಾಯಿಸದ ಟಿ5 ಮಾತ್ರ: ಅಚ್ಚಿನಿಂದ ತೆಗೆದ ಬಿಸಿಯಲ್ಲೇ ನೀರಿಗೆ ಅದ್ದಿ, ಆಮೇಲೆ 170–200 ಡಿಗ್ರಿಯಲ್ಲಿ ಕೆಲವು ಗಂಟೆ. ಬಲ ತುಸುವೇ ಏರುತ್ತದೆ.

ಆದರೆ ಗುಳ್ಳೆಗಿಂತ ದೊಡ್ಡ ತಲೆನೋವು ತಾಮ್ರ. ಎಡಿಸಿ12ರಲ್ಲಿ ಅದು ಶೇ. 1.5ರಿಂದ 3.5, ಹಾಗಾಗಿ ಕಾರವಾರದ ಉಪ್ಪುಗಾಳಿ ಬ್ರಾಕೆಟ್ಟನ್ನು ಬೇಗ ತಿಂದುಹಾಕುತ್ತದೆ. ಬ್ರಾಕೆಟ್ ಭಾರ ಹೊರಬೇಕಿದ್ದರೆ, ತಾಮ್ರ ತೀರಾ ಕಡಿಮೆಯಿರುವ ಎ356 ಅಲ್ಯೂಮಿನಿಯಂ ಮಿಶ್ರಲೋಹವನ್ನು ಗ್ರಾವಿಟಿ ಡೈಯಲ್ಲಿ (ಒತ್ತಡವಿಲ್ಲದೆ ಲೋಹ ತನ್ನ ಭಾರದಿಂದಲೇ ಇಳಿಯುವ ಅಚ್ಚು) ಹೊಯ್ಸಿ. ಅದಕ್ಕೆ ಟಿ6 ಧಾರಾಳವಾಗಿ ಕೊಡಬಹುದು: 540 ಡಿಗ್ರಿಯಲ್ಲಿ ಸುಮಾರು 8 ಗಂಟೆ, ತಡಮಾಡದೆ 60–80 ಡಿಗ್ರಿಯ ನೀರಿಗೆ, ನಂತರ 155–165ರಲ್ಲಿ 6 ಗಂಟೆ. ತಣ್ಣೀರು ಬೇಡ, ತೆಳು ಭಾಗ ಸೊಟ್ಟಗಾಗುತ್ತದೆ. ಕುಲುಮೆ 555 ದಾಟಿದರೆ ಒಳಗೊಳಗೇ ಕರಗಲು ಶುರು, ಆ ತುಂಡು ಗುಜರಿಗೇ. ಸ್ಟೇನ್‌ಲೆಸ್ ಬೋಲ್ಟ್ ಹಾಕುವುದಾದರೆ ಅದು ಅಲ್ಯೂಮಿನಿಯಂಗೆ ನೇರ ತಾಗಿ ತುಕ್ಕು ಹೆಚ್ಚಿಸದಂತೆ ನೈಲಾನ್ ವಾಷರ್, ಸ್ಲೀವ್ (ಬೋಲ್ಟಿನ ಸುತ್ತಲ ಕೊಳವೆ) ಎರಡೂ ಇರಲಿ.