ಭಯ, ಮುಜುಗರ ಇರುವ ಕೆಲಸಕ್ಕೆ ದೇವರ ಮೇಲೆ ಭಾರ ಹಾಕಿ ಇಳಿಯುವುದು ಸರಿಯೇ?

ಖಂಡಿತ ಸರಿ. ಆದರೆ ಭಾರ ಹಾಕುವುದು ಅಂದರೆ ಸುಮ್ನೆ ಕೂರುವುದಲ್ಲ. ಭಯವಾಗುವ ಕೆಲಸದಿಂದ ತಪ್ಪಿಸಿಕೊಂಡರೆ ಆ ಕ್ಷಣಕ್ಕೆ ಹಾಯೆನಿಸುತ್ತದೆ, ಮನಸ್ಸು ಅದನ್ನೇ ರೂಢಿ ಮಾಡಿಕೊಳ್ಳುತ್ತದೆ, ಮುಂದಿನ ಸಲ ಭಯ ಇನ್ನೂ ಜಾಸ್ತಿಯಾಗುತ್ತದೆ. ಅದನ್ನೇ ಸ್ವಲ್ಪ ಸ್ವಲ್ಪವಾಗಿ, ಮತ್ತೆ ಮತ್ತೆ ಎದುರಿಸಿದರೆ ಎದೆಬಡಿತ ನಿಧಾನವಾಗಿ ಇಳಿಯುತ್ತದೆ. ಭಯದ ಚಿಕಿತ್ಸೆಯಲ್ಲಿ ಮನಃಶಾಸ್ತ್ರಜ್ಞರು ಬಳಸುವ ಒಂದು ಮುಖ್ಯ ದಾರಿಯೂ ಇದೇ.

ನಂಬಿಕೆ ಕೈಹಿಡಿಯುವುದು ಇಲ್ಲಿ. ಪ್ರಯತ್ನ ನನ್ನದು, ಫಲ ಅವನದು ಅಂತ ಒಪ್ಪಿಕೊಂಡರೆ ಸೋತರೆ ಏನು ಗತಿ ಅನ್ನುವ ಚಿಂತೆ ಎಷ್ಟೋ ಕಡಿಮೆಯಾಗುತ್ತದೆ, ಅಲ್ವಾ? "ಕಷ್ಟ ತೆಗೆದುಬಿಡು" ಅನ್ನುವ ಬದಲು "ಇದನ್ನು ಮಾಡುವ ಧೈರ್ಯ ಕೊಡು" ಅಂತ ಬೇಡಿಕೊಳ್ಳಿ.

ಆದರೆ ಹೊಡೆತ, ದೌರ್ಜನ್ಯ, ಕಾಯಿಲೆ ಇವನ್ನೆಲ್ಲ ದೇವರ ಪರೀಕ್ಷೆ ಅಂತ ದಯವಿಟ್ಟು ಸಹಿಸಬೇಡಿ. ಹತ್ತಿರದವರಿಗೆ ಹೇಳಿ, ಡಾಕ್ಟರ್ ಅಥವಾ ಪೊಲೀಸರ ಸಹಾಯ ಪಡೆಯಿರಿ.